ಗಾಲಿಯ ಮೇಲಿನ ಅಡುಗೆಮನೆಗೆ ಯಜಮಾನ ಯಾರು?

ಥಾಣೆಯ ಘೋಡ್‌ಬಂದರ್ ರಸ್ತೆಯಿಂದ ಹಿಡಿದು ಪನ್ವೇಲ್‌ವರೆಗೆ ನಮ್ಮ ಹೋಟೆಲ್ ಬಾಂಧವರಲ್ಲಿ ಈಗ ‘ಗಾಡಿ ಮಾಡುವ’ ಹುಮ್ಮಸ್ಸು ಕಾಣಿಸುತ್ತಿದೆ. ಅಂಗಡಿಯ ಬಾಡಿಗೆ, ಡಿಪಾಸಿಟ್ ಕೈಗೆ ನಿಲುಕದಷ್ಟು ಏರಿದ ಮೇಲೆ ಇದು ಸಹಜವೇ. ಕೆಲವರು ಟೆಂಪೋಗೆ ಸ್ಟೀಲಿನ ಬಾಡಿ ಕಟ್ಟಿಸಿ ಇಡ್ಲಿ-ದೋಸೆಯ ಫುಡ್ ಟ್ರಕ್ ಇಳಿಸಿದ್ದಾರೆ. ಕ್ಯಾಟರಿಂಗಿನವರು ಮದುವೆ, ಮುಂಜಿ, ಚೌತಿಯ ಆರ್ಡರುಗಳಿಗೆ ಭಟ್ಟಿಯನ್ನೇ ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ಮಹಾರಾಷ್ಟ್ರ ಸರಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ತಂದ ಬಳಿಕ, ಹಾಸಿಗೆ, ಒಲೆ, ಫ್ರಿಜ್ ಎಲ್ಲವೂ ಇರುವ ವಾಹನದಲ್ಲೇ ಊರಿಗೆ ಹೋಗಿ ಬರುವ ಆಸೆ ನಮ್ಮ ಗಿರಾಕಿಗಳಿಗೂ ಹುಟ್ಟಿದೆ. ‘ಗಾಡಿ ನಾವು ಮಾಡಿಕೊಳ್ಳುತ್ತೇವೆ, ಕೊಲ್ಲೂರು, ಉಡುಪಿ, ಧರ್ಮಸ್ಥಳ ಮುಗಿಸಿ ಬರುವವರೆಗೆ ನಿಮ್ಮ ಭಟ್ಟರೊಬ್ಬರನ್ನು ಕಳಿಸಿಕೊಡಿ’ ಎಂದು ಗಲ್ಲಾದ ಬಳಿ ನಿಂತು ಕೇಳುವವರಿದ್ದಾರೆ. ಯಾತ್ರೆಯ ಬಸ್ಸಿನಲ್ಲಿ ಪಾತ್ರೆ-ಒಲೆ ಕಟ್ಟಿಕೊಂಡು ಹೋಗಿ ದಾರಿಯುದ್ದಕ್ಕೂ ಊಟ ಹಾಕಿದ ಅನುಭವಿಗಳೂ ನಮ್ಮಲ್ಲಿ ಕಡಿಮೆ ಇಲ್ಲ. ಹಾಗಾಗಿ ಈ ಕೆಲಸ ನಮಗೆ ಹೊಸತಲ್ಲ ಎಂಬ ಭಾವನೆ ಹಲವರಲ್ಲಿದೆ.

ನಮ್ಮ ತಕರಾರು ಇರುವುದು ಆ ಭಾವನೆಯ ಮೇಲೆಯೇ. ಹೊಸ ಗಾಡಿ ತೋರಿಸಲು ಕರೆಯುವ ಮಿತ್ರರು ಮೊದಲು ತೋರಿಸುವುದು ಬಣ್ಣ, ಬೋರ್ಡು, ಲೈಟು. ಸಿಲಿಂಡರ್ ಎಲ್ಲಿ ಎಂದು ಕೇಳಿದರೆ ಹುಡುಗ ಕುಳಿತುಕೊಳ್ಳುವ ಸೀಟಿನ ಕೆಳಗೆ ಕೈ ತೋರಿಸುತ್ತಾರೆ. ಜನರೇಟರ್ ಎಲ್ಲಿ ಎಂದರೆ ಹಿಂದಿನ ಬಾಗಿಲಿನ ಮಗ್ಗುಲಲ್ಲಿ. ಇವುಗಳನ್ನು ದಿನವೂ ನೋಡುವವರು ಯಾರು ಎಂದು ಕೇಳಿದರೆ ಡ್ರೈವರ್ ಭಟ್ಟರತ್ತ ನೋಡುತ್ತಾನೆ, ಭಟ್ಟರು ಡ್ರೈವರನತ್ತ ನೋಡುತ್ತಾರೆ. ಬಾಡಿ ಕಟ್ಟಿಸಲು ಲಕ್ಷಗಟ್ಟಲೆ ಸುರಿದವರು ಈ ಒಂದು ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳದೆ ಗಾಡಿ ಬೀದಿಗಿಳಿಸುವುದು ಸರಿಯಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಹೆದರಿಸಲು ಹೇಳುವ ಮಾತಲ್ಲ, ನಡೆದದ್ದನ್ನು ಹೇಳುತ್ತಿದ್ದೇವೆ. 2024ರ ಡಿಸೆಂಬರಿನಲ್ಲಿ ಕೇರಳದ ವಡಗರ ಸಮೀಪ ರಸ್ತೆ ಬದಿಯಲ್ಲಿ ಬಹಳ ಹೊತ್ತು ನಿಂತೇ ಇದ್ದ ಕ್ಯಾರವಾನಿನ ಒಳಗೆ ಇಬ್ಬರು ಶವವಾಗಿ ಸಿಕ್ಕಿದರು. ಪ್ರವಾಸಿಗರಲ್ಲ, ಆ ಗಾಡಿಯ ಡ್ರೈವರ್ ಮತ್ತು ಜೊತೆಗಿದ್ದ ಸಿಬ್ಬಂದಿ. ಕಲ್ಲಿಕೋಟೆಯ ಎನ್‌.ಐ.ಟಿ. ತಜ್ಞರು ಅದೇ ಗಾಡಿಯಲ್ಲಿ ಜನರೇಟರ್ ಚಾಲೂ ಮಾಡಿ ಪರೀಕ್ಷೆ ನಡೆಸಿದಾಗ, ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಒಳಗೆ ನುಗ್ಗಿದ್ದು ಗೊತ್ತಾಯಿತು. ಅಡುಗೆ ಗ್ಯಾಸಿಗೆ ಕಂಪೆನಿಯವರು ಬೇಕೆಂದೇ ವಾಸನೆ ಸೇರಿಸುತ್ತಾರೆ, ಸೋರಿದರೆ ಮೂಗಿಗಾದರೂ ಬಡಿಯುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.

ಅದಕ್ಕೂ ಮೊದಲು, 2023ರ ಆಗಸ್ಟ್ 26ರಂದು ಮದುರೆಯಲ್ಲಿ ನಿಂತಿದ್ದ ಯಾತ್ರಿಕರ ರೈಲು ಬೋಗಿಯೊಂದು ಹೊತ್ತಿ 9 ಮಂದಿ ತೀರಿಕೊಂಡರು. ಲಖನೌ ಕಡೆಯಿಂದ ಬಂದಿದ್ದ ಯಾತ್ರಾ ತಂಡ ನಿಯಮ ಮೀರಿ ಬೋಗಿಯೊಳಗೆ ಗ್ಯಾಸ್ ಸಿಲಿಂಡರ್ ಸಾಗಿಸಿತ್ತು. ನಮ್ಮ ಪಕ್ಕದಲ್ಲೇ ಕುರ್ಲಾದ ಉಪಾಹಾರಗೃಹವೊಂದರಲ್ಲಿ 2015ರ ಅಕ್ಟೋಬರಿನಲ್ಲಿ 8 ಮಂದಿ ಬೆಂಕಿಗೆ ಬಲಿಯಾದದ್ದು ಎಷ್ಟು ಜನರಿಗೆ ನೆನಪಿದೆಯೋ. ಇನ್ನು ಸ್ಫೋಟ ಎಂದರೇನೆಂದು ಡೊಂಬಿವಲಿಯವರಿಗೆ ನಾವು ಹೇಳಿಕೊಡಬೇಕಾಗಿಲ್ಲ. 2016ರ ಮೇ ಮತ್ತು 2024ರ ಮೇ ತಿಂಗಳಲ್ಲಿ ಅಲ್ಲಿನ ಎಂ.ಐ.ಡಿ.ಸಿ. ಪ್ರದೇಶದಲ್ಲಿ ಆದ ಸದ್ದು ಎಷ್ಟೋ ದೂರದ ಹೋಟೆಲುಗಳ ಗಾಜಿಗೂ ಗೊತ್ತು.

‘ಮೂವತ್ತು ವರ್ಷ ಗ್ಯಾಸಿನ ಎದುರೇ ನಿಂತು ಬೆಳೆದವರು ನಾವು, ನಮಗೆ ಕಲಿಸುತ್ತೀರಾ?’ ಎಂದು ಹಿರಿಯರು ಕೇಳಬಹುದು. ಅವರ ಅನುಭವದ ಬಗ್ಗೆ ನಮಗೆ ಗೌರವವಿದೆ. ಆದರೆ ಆ ಅನುಭವ ಹೋಟೆಲಿನ ಅಡುಗೆಮನೆಯದು. ಅಲ್ಲಿ ಸಿಲಿಂಡರುಗಳು ಹೊರಗಡೆ ಇರುತ್ತವೆ, ಮಾಡು ಎತ್ತರದಲ್ಲಿರುತ್ತದೆ, ಎಕ್ಸಾಸ್ಟ್ ಫ್ಯಾನು ತಿರುಗುತ್ತಿರುತ್ತದೆ, ಓಡಲು ಎರಡು ಬಾಗಿಲಿರುತ್ತವೆ. ಗಾಡಿಯ ಲೆಕ್ಕವೇ ಬೇರೆ. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಆರು ಅಡಿ ಎತ್ತರದ ಬಾಡಿ ಎಂದು ಹಿಡಿಯಿರಿ. ಒಳಗಿನ ಗಾಳಿ ಸುಮಾರು 10 ಘನ ಮೀಟರ್. ಅದರಲ್ಲಿ ನೂರಕ್ಕೆ ಎರಡು ಪಾಲು ಎಲ್‌.ಪಿ.ಜಿ. ಬೆರೆತರೆ ಒಂದು ಕಿಡಿ ಸಾಕು. ಆ ಎರಡು ಪಾಲಿಗೆ ಬೇಕಾದ ಗ್ಯಾಸು ಅರ್ಧ ಕಿಲೋಗಿಂತ ಕಡಿಮೆ. ನಮ್ಮ ವಾಣಿಜ್ಯ ಸಿಲಿಂಡರಿನಲ್ಲಿರುವುದು 19 ಕಿಲೋ. ಅದೂ ಅಲ್ಲದೆ ಈ ಗ್ಯಾಸು ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೆಲದ ಮೇಲೆ ನೀರಿನಂತೆ ಹರಡಿ ಕುಳಿತುಕೊಳ್ಳುತ್ತದೆ. ಫ್ರಿಜ್ಜಿನ ಕಂಪ್ರೆಸರ್, ಬ್ಯಾಟರಿ, ಪ್ಲಗ್ಗು ಎಲ್ಲವೂ ಇರುವುದು ಆ ನೆಲದ ಮಟ್ಟದಲ್ಲೇ. ಕಿಟಕಿ ತೆರೆದಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರು ಇದನ್ನು ಗಮನಿಸಬೇಕು.

ಆದ್ದರಿಂದ ಸಿಲಿಂಡರಿಗೆ ಗಾಡಿಯಲ್ಲಿ ಪ್ರತ್ಯೇಕ ಪೆಟ್ಟಿಗೆ ಬೇಕು. ಅದರ ಬಾಗಿಲು ಹೊರಗಡೆಯಿಂದಲೇ ತೆರೆಯಬೇಕು, ಒಳಗೆ ಜನ ಇರುವ ಭಾಗಕ್ಕೂ ಅದಕ್ಕೂ ನಡುವೆ ಒಂದು ತೂತೂ ಇರಬಾರದು, ತಳದಲ್ಲಿ ಗ್ಯಾಸು ರಸ್ತೆಗೆ ಇಳಿದು ಹೋಗುವಂತೆ ಜಾಲರಿಯಿರಬೇಕು. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಪಟ್ಟಿಯಿಂದ ಬಿಗಿದಿರಬೇಕು. ಜಾಗ ಉಳಿಯಲಿ ಎಂದು ಅಡ್ಡ ಮಲಗಿಸುವವರನ್ನು ನಾವು ಕಂಡಿದ್ದೇವೆ. ಮಲಗಿಸಿದರೆ ರೆಗ್ಯುಲೇಟರಿಗೆ ಗ್ಯಾಸಿನ ಬದಲು ದ್ರವವೇ ಬರುತ್ತದೆ, ಬರ್ನರಿನಲ್ಲಿ ಜ್ವಾಲೆ ಒಮ್ಮೆಲೇ ಮೇಲೇಳುತ್ತದೆ. ಕೆಂಪು ಬಣ್ಣದ ಮನೆಬಳಕೆಯ ಸಿಲಿಂಡರನ್ನು ಧಂಧೆಗೆ ಹಚ್ಚುವುದು ಕಾನೂನಿಗೆ ವಿರುದ್ಧ, ಅದನ್ನು ಇಲ್ಲಿ ವಿವರಿಸಲು ಹೋಗುವುದಿಲ್ಲ. ಸಿಲಿಂಡರ್ ಇಳಿಸಿಕೊಳ್ಳುವಾಗ ಕುತ್ತಿಗೆಯ ಪಟ್ಟಿಯಲ್ಲಿ ಬರೆದ ಅಕ್ಷರ ಮತ್ತು ವರ್ಷವನ್ನು ಓದಲು ಹುಡುಗರಿಗೆ ಕಲಿಸಿಕೊಡಿ. ‘ಎ’ ಎಂದರೆ ಮಾರ್ಚ್, ‘ಬಿ’ ಜೂನ್, ‘ಸಿ’ ಸೆಪ್ಟೆಂಬರ್, ‘ಡಿ’ ಡಿಸೆಂಬರ್. ಆ ತಿಂಗಳು ದಾಟಿದರೆ ಆ ಸಿಲಿಂಡರಿನ ಪರೀಕ್ಷೆಯ ಅವಧಿ ಮುಗಿಯಿತು ಎಂದರ್ಥ, ವಾಪಸು ಕಳಿಸಬೇಕು.

ಹೋಟೆಲಿನಲ್ಲಿ ಒಮ್ಮೆ ಬಿಗಿಮಾಡಿದ ನಟ್ಟು ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ಗಾಡಿಯಲ್ಲಿ ಅದೇ ನಟ್ಟು ಒಂದು ಮಳೆಗಾಲ ತಾಳುವುದಿಲ್ಲ. ಕಲ್ಯಾಣ್-ಶಿಲ್ ರಸ್ತೆಯ ಹೊಂಡಗಳನ್ನು ಜುಲೈಯಲ್ಲಿ ಹಾದುಬಂದವರಿಗೆ ಕಾರಣ ಹೇಳಬೇಕಾಗಿಲ್ಲ. ಪ್ರತಿಯೊಂದು ಜೋಡಣೆಯೂ ನಡುಗಿ ನಡುಗಿ ಸಡಿಲವಾಗುತ್ತದೆ, ರಬ್ಬರ್ ಪೈಪು ಬಾಡಿಯ ಚೂಪು ಅಂಚಿಗೆ ಉಜ್ಜಿ ಸವೆಯುತ್ತದೆ. ಬಾಡಿಯ ಉದ್ದಕ್ಕೂ ಲೋಹದ ಪೈಪು ಹಾಯಿಸಿ, ಎರಡು ತುದಿಗಳಲ್ಲಿ ಮಾತ್ರ ಚಿಕ್ಕ ಸುರಕ್ಷಾ ಪೈಪು ಹಾಕಿಸುವುದು ಒಳ್ಳೆಯದು. ಗಾಡಿ ನಿಲ್ಲಿಸಿ ಒಲೆ ಹಚ್ಚುವ ಮೊದಲು ಸಾಬೂನು ನೀರಿನ ಬಾಟ್ಲಿ ತೆಗೆದು ಎಲ್ಲ ಜೋಡಣೆಗಳಿಗೆ ಸಿಂಪಡಿಸಿ ಗುಳ್ಳೆ ಬರುತ್ತದೆಯೇ ನೋಡಬೇಕು. ಎರಡು ನಿಮಿಷದ ಕೆಲಸ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವ ಶೂರರು ಇನ್ನೂ ಇದ್ದಾರೆ, ಅವರನ್ನು ಗಾಡಿಯಿಂದ ಇಳಿಸಿ ಹೋಟೆಲಿಗೆ ವಾಪಸು ಕಳಿಸುವುದೇ ವಾಸಿ. ಗಾಡಿ ಹೊರಡುವಾಗ ಒಲೆಯ ನಾಬ್ ಅಲ್ಲ, ಸಿಲಿಂಡರಿನ ವಾಲ್ವೇ ಬಂದ್ ಆಗಬೇಕು. ಓಡುತ್ತಿರುವ ಗಾಡಿಯಲ್ಲಿ ಒಲೆ ಉರಿಯಬಾರದು, ‘ಬರೀ ಚಹಾ ತಾನೇ’ ಎಂಬ ಮಾತಿಗೂ ಅವಕಾಶವಿರಬಾರದು.

ಬರ್ನರಿನ ವಿಷಯ ಚಿಕ್ಕದು, ಆದರೆ ಖರ್ಚು ಅದರಲ್ಲೇ ಸೋರುವುದು. ಹೆದ್ದಾರಿಯ ಧೂಳು ಜೆಟ್ಟಿನಲ್ಲಿ ಸಿಕ್ಕಿಕೊಂಡರೆ ಜ್ವಾಲೆ ಹಳದಿಯಾಗುತ್ತದೆ, ಪಾತ್ರೆಯ ತಳ ಕಪ್ಪಾಗುತ್ತದೆ, ಗ್ಯಾಸು ಖಾಲಿಯಾಗುತ್ತದೆ. ಮುಚ್ಚಿದ ಗಾಡಿಯಲ್ಲಿ ಹಳದಿ ಜ್ವಾಲೆ ಎಂದರೆ ಆ ವಾಸನೆಯಿಲ್ಲದ ಅನಿಲವೂ ಹುಟ್ಟುತ್ತಿದೆ ಎಂದೇ ತಿಳಿಯಬೇಕು.

ಇನ್ನು ಕರೆಂಟು. ಬಾಡಿ ಕಟ್ಟುವವರು ಇನ್ವರ್ಟರ್ ತೋರಿಸಿ ‘ಸೇಠ್, ಎಲ್ಲವೂ ಇದರ ಮೇಲೆ ನಡೆಯುತ್ತದೆ’ ಎನ್ನುತ್ತಾರೆ. ಗಲ್ಲಾದ ಮೇಲೆ ಕುಳಿತು ಲೆಕ್ಕ ಹಾಕುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ, ಇದನ್ನೂ ಹಾಕಿ ನೋಡೋಣ. 12 ವೋಲ್ಟಿನ 150 ಎ.ಎಚ್. ಬ್ಯಾಟರಿಯಲ್ಲಿರುವುದು ಒಟ್ಟು 1.8 ಯೂನಿಟ್. ಸಾಮಾನ್ಯ ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಇಳಿಸುತ್ತಾ ಹೋದರೆ ಅದು ಬೇಗ ಸಾಯುತ್ತದೆ. ಅಂದರೆ ಕೈಗೆ ಸಿಗುವುದು 0.9 ಯೂನಿಟ್. 2,000 ವಾಟಿನ ಇಂಡಕ್ಷನ್ ಒಲೆ ಅದನ್ನು ಅರ್ಧ ಗಂಟೆಯೊಳಗೆ ಮುಗಿಸುತ್ತದೆ. ಬ್ಯಾಟರಿಯ ಮೇಲೆ ಲೈಟು, ಫ್ಯಾನು, ಬಿಲ್ಲಿನ ಯಂತ್ರ, ಐದು ಹತ್ತು ನಿಮಿಷದ ಮಿಕ್ಸಿ ನಡೆಸಿ. ಕಾಯಿಸುವ ಕೆಲಸ ಅದರದ್ದಲ್ಲ.

ಗ್ರೈಂಡರ್ ಬಗ್ಗೆ ನಮ್ಮ ಮಾತು ಇನ್ನೂ ಕಟು: ಗಾಡಿಯಲ್ಲಿ ಗ್ರೈಂಡರ್ ಬೇಡವೇ ಬೇಡ. 2 ಎಚ್‌.ಪಿ. ಮೋಟಾರು ಓಡುವಾಗ ಒಂದೂವರೆ ಕಿಲೋವಾಟ್ ತಿನ್ನುತ್ತದೆ, ಆದರೆ ಚಾಲೂ ಆಗುವ ಆ ಕ್ಷಣದಲ್ಲಿ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಚಿಕ್ಕ ಜನರೇಟರ್ ಅಲ್ಲೇ ಉಸಿರು ಬಿಡುತ್ತದೆ, ಅಥವಾ ಉಳಿದ ಯಂತ್ರಗಳ ವೋಲ್ಟೇಜ್ ಬಿದ್ದು ಫ್ರಿಜ್ಜಿನ ಕಂಪ್ರೆಸರ್ ಸುಡುತ್ತದೆ. ಹೋಟೆಲಿನಲ್ಲೇ ರುಬ್ಬಿ ಹಿಟ್ಟನ್ನು ತಣ್ಣಗಿನ ಪೆಟ್ಟಿಗೆಯಲ್ಲಿ ಒಯ್ಯಿರಿ. ಪಾತ್ರೆಯ ಅರ್ಧಕ್ಕೆ ಮಾತ್ರ ತುಂಬಿಸಿ. ಮೇ ತಿಂಗಳ ಬಿಸಿಲಿಗೆ ಸ್ಟೀಲಿನ ಗಾಡಿಯೊಳಗೆ ಹಿಟ್ಟು ಹೇಗೆ ಉಕ್ಕಿ ಬರುತ್ತದೆಂದು ಒಮ್ಮೆ ನೆಲ ತೊಳೆದವರಿಗೆ ಗೊತ್ತು. ಬೆಂಗಳೂರಿನ ಇಂದಿರಾ ಕ್ಯಾಂಟೀನಿನ ವ್ಯವಸ್ಥೆಯನ್ನೇ ನೋಡಿ. 2017ರಲ್ಲಿ ಅದು ಆರಂಭವಾದಾಗಲೇ ಅಡುಗೆಯನ್ನು ಕೇಂದ್ರ ಅಡುಗೆಮನೆಗಳಲ್ಲಿ ಮಾಡಿ ಕ್ಯಾಂಟೀನುಗಳಿಗೆ ಸಾಗಿಸಿದರು, ಮರುವರ್ಷ ಬಂದ ಸಂಚಾರಿ ಕ್ಯಾಂಟೀನುಗಳೂ ಬಡಿಸುವುದಕ್ಕಾಗಿಯೇ ಓಡಿದವು. ಗಾಡಿಯಲ್ಲಿ ಮಾಡಬೇಕಾದ ಕೆಲಸ ಎಷ್ಟು ಕಡಿಮೆಯೋ ಅಷ್ಟು ಯಂತ್ರ ಕಡಿಮೆ, ಅಷ್ಟು ರಿಪೇರಿ ಕಡಿಮೆ.

ಕ್ಯಾಟರಿಂಗಿನವರು ಸೊಸೈಟಿಯ ಅಥವಾ ಹಾಲಿನ ಕರೆಂಟು ಎರವಲು ಪಡೆಯುವುದು ಸಾಮಾನ್ಯ. ನೂರು ಅಡಿಯ ತೆಳು ವಯರು, ಅದನ್ನೂ ಸುರುಳಿ ಬಿಚ್ಚದೆ ಎಳೆಯುವುದು, ತುದಿಯಲ್ಲಿ ಮೂರನೆಯ ಪಿನ್ ಮುರಿದ ಪ್ಲಗ್ಗು. ಸುರುಳಿಯಲ್ಲಿ ವಯರು ಕಾಯುತ್ತದೆ, ತುದಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಆ ಮುರಿದ ಪಿನ್ನಿನದು. ಗಾಡಿ ನಿಂತಿರುವುದು ರಬ್ಬರ್ ಚಕ್ರಗಳ ಮೇಲೆ, ಬಾಡಿ ಪೂರ್ತಿ ಸ್ಟೀಲು. ಚೌತಿಯ ಮಳೆಯಲ್ಲಿ ಬರಿಗಾಲಿನಲ್ಲಿ ನಿಂತ ಹುಡುಗ ಆ ಬಾಡಿ ಮುಟ್ಟಿದರೆ ಕರೆಂಟಿಗೆ ಅವನೇ ದಾರಿ. 30 ಮಿಲಿ ಆಂಪಿಯರಿಗೆ ಬೀಳುವ ಆರ್‌.ಸಿ.ಸಿ.ಬಿ. ಇಲ್ಲದ ಗಾಡಿಗೆ ಕರೆಂಟು ಕೊಡಲೇಬಾರದು. ಅದರ ಮೇಲೆ ‘ಟೆಸ್ಟ್’ ಎಂದು ಬರೆದ ಗುಂಡಿಯಿದೆ, ತಿಂಗಳಿಗೊಮ್ಮೆ ಒತ್ತಿ ನೋಡುವುದಕ್ಕಾಗಿಯೇ ಇಟ್ಟದ್ದು.

ಜನರೇಟರಿಗೆ ಮತ್ತೆ ಬರುತ್ತೇವೆ, ಏಕೆಂದರೆ ವಡಗರದ ಸಾವಿಗೆ ಕಾರಣವಾದದ್ದು ಅದೇ. 2005ರ ನಂತರದ ವರ್ಷಗಳಲ್ಲಿ ಕಲ್ಯಾಣ್-ಡೊಂಬಿವಲಿಯಲ್ಲಿ ಲೋಡ್‌ಶೆಡ್ಡಿಂಗ್ ಕಾಡಿದಾಗ ನಮ್ಮ ಹೋಟೆಲುಗಳ ಮುಂದೆ ಜನರೇಟರ್ ಇಟ್ಟದ್ದು ಹಲವರಿಗೆ ನೆನಪಿರಬಹುದು. ಆಗ ಅದು ಫುಟ್‌ಪಾತಿನ ಬಯಲಿನಲ್ಲಿತ್ತು. ಈಗ ಅದನ್ನು ಮನುಷ್ಯ ಮಲಗುವ ಪೆಟ್ಟಿಗೆಯ ಅಡಿಗೆ ತಂದಿದ್ದೇವೆ. ನಿಂತ ಗಾಡಿಯಲ್ಲಿ ಹೊಗೆಯ ಪೈಪು ಸರಿಯಾಗಿದ್ದರೂ ಗಾಳಿ ತಿರುಗಿದರೆ ಹೊಗೆ ವಾಪಸು ಬರುತ್ತದೆ. ವಯರು ಹಾಯಿಸಲು ಕೊರೆದ ಒಂದು ತೂತು ಮುಚ್ಚದೆ ಉಳಿದರೂ ಸಾಕು. ಜನರೇಟರನ್ನು ಕೆಳಗಿಳಿಸಿ ಕನಿಷ್ಠ ಇಪ್ಪತ್ತು ಅಡಿ ದೂರವಿಡಿ. ಇಳಿಸಲಾಗದ ಗಾಡಿಯಾದರೆ ಜನ ಮಲಗಿರುವಾಗ ಅದು ಚಾಲೂ ಇರಕೂಡದು. ಕಾರ್ಬನ್ ಮೊನಾಕ್ಸೈಡ್ ಪತ್ತೆ ಹಚ್ಚಿ ಕೂಗುವ ಚಿಕ್ಕ ಅಲಾರಂ ಪೇಟೆಯಲ್ಲಿ ಸಿಗುತ್ತದೆ. ಗಾಡಿಯ ಬಾಡಿಗೆ ಬಳಿಯುವ ಬಣ್ಣದ ಮುಂದೆ ಅದರ ಬೆಲೆ ಏನೂ ಅಲ್ಲ. ಎಣ್ಣೆ ಬದಲಿಸುವುದು ತಿಂಗಳ ಲೆಕ್ಕದಲ್ಲಲ್ಲ, ಯಂತ್ರ ಓಡಿದ ಗಂಟೆಗಳ ಲೆಕ್ಕದಲ್ಲಿ. ಆ ಗಂಟೆಗಳನ್ನು ಬರೆಯಲು ಒಂದು ನೋಟುಬುಕ್ಕು ಬೇಕು. ಸೀಜನ್ ಮುಗಿದು ತಿಂಗಳುಗಟ್ಟಲೆ ಮೂಲೆಗೆ ಹಾಕುವುದಾದರೆ ಪೆಟ್ರೋಲು ಬಸಿದಿಡಿ. ಇಲ್ಲವಾದರೆ ಕಾರ್ಬುರೇಟರಿನಲ್ಲಿ ಅದು ಅಂಟಾಗಿ ಕೂತು, ಮುಂದಿನ ಆರ್ಡರಿನ ದಿನ ಹಗ್ಗ ಎಳೆದೆಳೆದು ಕೈ ಸೋಲುತ್ತದೆ.

ಫ್ರಿಜ್ಜು, ಕಾವಲಿ, ಇಡ್ಲಿಯ ಸ್ಟೀಮರ್ ಮೂರಕ್ಕೂ ಗಾಡಿ ಮಟ್ಟಸವಾಗಿ ನಿಲ್ಲುವುದು ಮುಖ್ಯ. ಗ್ಯಾಸಿನ ಮೇಲೂ ನಡೆಯುವ ಕ್ಯಾರವಾನ್ ಫ್ರಿಜ್ಜುಗಳಲ್ಲಿ ಕಂಪ್ರೆಸರ್ ಇರುವುದಿಲ್ಲ, ಅಮೋನಿಯಾದ ದ್ರಾವಣ ತನ್ನ ಭಾರದಿಂದಲೇ ಹರಿದು ತಂಪು ಮಾಡುತ್ತದೆ. ಗಾಡಿ ಓರೆಯಾಗಿ ನಿಂತರೆ ಹರಿಯುವುದಿಲ್ಲ, ರಾತ್ರಿಯಿಡೀ ಉರಿದರೂ ಬೆಳಿಗ್ಗೆ ಹಾಲು ಒಡೆದಿರುತ್ತದೆ. ರಿಪೇರಿಯವರನ್ನು ಕರೆಯುವ ಮೊದಲು ಚಕ್ರದ ಕೆಳಗೊಂದು ಹಲಗೆ ಇಟ್ಟು ನೋಡಿ. ಕಾವಲಿಯ ಮೇಲೆ ಚಮಚ ನೀರು ಬಿಟ್ಟರೆ ಅದು ಯಾವ ಕಡೆ ಓಡುತ್ತದೆಂದು ತಿಳಿಯುತ್ತದೆ, ಅದಕ್ಕಿಂತ ಒಳ್ಳೆಯ ಮಟ್ಟಗೋಲು ಬೇಕಿಲ್ಲ. ಸ್ಟೀಮರಿನ ನೀರನ್ನು ಗಾಡಿ ಹೊರಡುವ ಮೊದಲು ಖಾಲಿ ಮಾಡಿ. ತುಂಬಿಕೊಂಡೇ ಓಡಿದರೆ ಒಳಗಿನ ಫ್ಲೋಟ್ ಸಿಕ್ಕಿಬಿದ್ದು ಮರುದಿನ ನೀರಿಲ್ಲದೆ ತಳ ಸುಡುತ್ತದೆ. ಕಾದ ಎಣ್ಣೆಯ ಕಡಾಯಿ ಇಟ್ಟುಕೊಂಡು ಗಾಡಿ ಒಂದು ಅಡಿಯೂ ಸರಿಯಬಾರದು.

ಮಾಡಿದ ಅಡುಗೆಯನ್ನು ಸಾಗಿಸುವಾಗ ಬಿಸಿಯದು 60 ಡಿಗ್ರಿಗಿಂತ ಕೆಳಗಿಳಿಯಬಾರದು, ತಣ್ಣಗಿನದು 5 ಡಿಗ್ರಿ ದಾಟಬಾರದು. ಶಿಲ್‌ಫಾಟಾದಲ್ಲಿ ಎರಡು ಗಂಟೆ ಸಿಕ್ಕಿಬಿದ್ದ ಸಾಂಬಾರು ಎಷ್ಟು ಡಿಗ್ರಿಯಲ್ಲಿದೆಯೆಂದು ಕೈ ಇಟ್ಟು ಹೇಳಲಾಗದು, ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಬೆಂಕಿ ನಂದಿಸುವ ಪುಡಿಯ ಸಿಲಿಂಡರನ್ನು ಬಾಗಿಲ ಬಳಿಯೇ ತೂಗುಹಾಕಿ, ಒಲೆಯ ಹಿಂದೆ ಅಲ್ಲ. ಗಾಡಿಯ ಕುಲುಕಾಟಕ್ಕೆ ಪುಡಿ ತಳದಲ್ಲಿ ಗಟ್ಟಿಯಾಗುವುದುಂಟು, ಆಗಾಗ ತಲೆಕೆಳಗು ಮಾಡಿ ಅಲ್ಲಾಡಿಸಬೇಕು. ಎಣ್ಣೆಯ ಬೆಂಕಿಗೆ ನೀರು ಹಾಕಬಾರದೆಂದು ಹೊಸ ಹುಡುಗರಿಗೆ ಬಾಯಿಪಾಠ ಮಾಡಿಸಿ. ಹೋಟೆಲಿನ ಪರವಾನಗಿ ಇದ್ದ ಮಾತ್ರಕ್ಕೆ ಗಾಡಿಗೂ ಆಯಿತೆಂದು ತಿಳಿಯದೆ, ಎಫ್‌.ಎಸ್‌.ಎಸ್‌.ಎ.ಐ. ಮತ್ತು ಆರ್‌.ಟಿ.ಓ. ಕಾಗದಗಳನ್ನು ಸರಿಮಾಡಿಕೊಳ್ಳಿ. ಬಾಡಿ ಬದಲಿಸಿದ್ದನ್ನು ಆರ್‌.ಸಿ. ಪುಸ್ತಕದಲ್ಲಿ ಬರೆಸದಿದ್ದರೆ ಅಪಘಾತದ ದಿನ ವಿಮೆಯವರು ಕೈ ಎತ್ತುತ್ತಾರೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇಷ್ಟೆಲ್ಲವನ್ನೂ ನೋಡುವವರು ಯಾರು? ಹೋಟೆಲಿನಲ್ಲಿ ಮಾಲಕರ ಕಣ್ಣು ಸದಾ ಇರುತ್ತದೆ. ಗಾಡಿಯ ಜೊತೆ ಮಾಲಕರು ಹೋಗುವುದಿಲ್ಲ, ಹೋಗುವುದು ಇಬ್ಬರು ಮೂವರು ಹುಡುಗರು. ಒಬ್ಬ ಕುಂದಾಪುರದವನು, ಒಬ್ಬ ಕಾರ್ಕಳದವನು, ಈಚೆಗೆ ಬಿಹಾರ, ನೇಪಾಳದವರೂ. ರಾತ್ರಿ ಕೆಲಸ ಮುಗಿದ ಮೇಲೆ ರೂಮಿಗೆ ಹೋಗಲು ಆಲಸ್ಯವಾಗಿ ಗಾಡಿಯಲ್ಲೇ ಮಲಗುವವರು ಇವರು. ವಡಗರದಲ್ಲಿ ತೀರಿಹೋದವರೂ ಇಂಥವರೇ ಎಂಬುದನ್ನು ಮರೆಯಬಾರದು. ಇವರಲ್ಲಿ ಒಬ್ಬನನ್ನು ಆರಿಸಿ, ಗಾಡಿಯ ಗ್ಯಾಸು, ಕರೆಂಟು, ಜನರೇಟರ್ ಮೂರೂ ಇವನ ಜವಾಬ್ದಾರಿ ಎಂದು ಎಲ್ಲರೆದುರು ಹೇಳಬೇಕು. ಅವನಿಗೆ ಸಂಬಳದ ಮೇಲೆ ಬೇರೆಯಾಗಿ ಹಣ ಕೊಡಬೇಕು. ಅದಕ್ಕಿಂತಲೂ ಮುಖ್ಯವಾಗಿ, ‘ಇವತ್ತು ಪೈಪು ಸರಿಯಿಲ್ಲ, ಒಲೆ ಹಚ್ಚುವುದಿಲ್ಲ’ ಎಂದು ಅವನು ಹೇಳಿದರೆ ಮಾಲಕರು ಫೋನಿನಲ್ಲಿ ಬೈಯಬಾರದು. ಇನ್ನೂರು ಮಂದಿಯ ಆರ್ಡರ್ ಬಾಕಿ ಇರುವಾಗ ಇದು ಕಷ್ಟ ಎಂದು ನಮಗೂ ಗೊತ್ತು. ಆದರೆ ಆ ಅಧಿಕಾರ ಕೊಡದೆ ಜವಾಬ್ದಾರಿ ಮಾತ್ರ ಹೊರಿಸಿದರೆ, ಅವನು ಸಡಿಲ ಪೈಪಿಗೆ ತಂತಿ ಸುತ್ತಿ ಒಲೆ ಹಚ್ಚಿಯೇ ಹಚ್ಚುತ್ತಾನೆ. ಹಚ್ಚದಿದ್ದರೆ ಕೆಲಸ ಹೋಗುತ್ತದೆಂದು ಅವನಿಗೆ ಭಯ.

ಬಾಡಿಗೆಯ ಕ್ಯಾರವಾನಿಗೆ ನಮ್ಮ ಭಟ್ಟರನ್ನು ಕಳಿಸುವಾಗಲೂ ಹೀಗೆಯೇ. ಗಾಡಿ ಬೇರೆಯವರದು, ಒಲೆ ಮುಟ್ಟುವ ಕೈ ನಮ್ಮವರದು. ಹೊರಡುವ ಹಿಂದಿನ ದಿನ ಭಟ್ಟರು ಹೋಗಿ ಗಾಡಿ ನೋಡಿ ಬರಲಿ. ಸಿಲಿಂಡರಿನ ಪೆಟ್ಟಿಗೆ, ಜನರೇಟರಿನ ಹೊಗೆಪೈಪು, ಅಲಾರಂ ಇವಿಲ್ಲದಿದ್ದರೆ ‘ಕ್ಷಮಿಸಿ, ದಾರಿಯಲ್ಲಿ ಹೋಟೆಲಿನಲ್ಲೇ ಊಟ ಮಾಡಿ’ ಎಂದು ಗಿರಾಕಿಗೆ ನೇರವಾಗಿ ಹೇಳಬಹುದು. ಪನ್ವೇಲಿನಿಂದ ಉಡುಪಿವರೆಗೆ ಊಟ ಸಿಗದ ಊರೇನೂ ಇಲ್ಲವಲ್ಲ.

ಸಂಘದ ಮುಂದೆ ನಮ್ಮದೊಂದು ಬೇಡಿಕೆಯಿದೆ. ಚೌತಿಗೆ ಮೂರು ವಾರ ಮೊದಲು ಸದಸ್ಯರ ಎಲ್ಲ ಗಾಡಿಗಳನ್ನು ಒಂದು ಮೈದಾನಕ್ಕೆ ಕರೆಸಿ, ಒಬ್ಬ ಗ್ಯಾಸ್ ಮೆಕ್ಯಾನಿಕ್ ಮತ್ತು ಒಬ್ಬ ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್‌ನಿಂದ ತಪಾಸಣೆ ಮಾಡಿಸಬೇಕು. ಖರ್ಚನ್ನು ಗಾಡಿಗೆ ಇಷ್ಟೆಂದು ಸದಸ್ಯರಿಂದಲೇ ಪಡೆಯಲಿ, ಯಾರೂ ಬೇಡವೆನ್ನಲಾರರು. ಗಾಡಿಯ ಜೊತೆ ಮಾಲಕರು ಬರುವುದು ಬೇಕಿಲ್ಲ, ಜವಾಬ್ದಾರಿ ಹೊತ್ತ ಹುಡುಗ ಬರಲಿ, ಮರಾಠಿ ಹಿಂದಿಯಲ್ಲೂ ವಿವರಿಸುವವರು ಅಲ್ಲಿರಲಿ. ಥಾಣೆ, ನವಿಮುಂಬಯಿಯವರಿಗೆ ಒಂದು ದಿನ, ಡೊಂಬಿವಲಿ, ಕಲ್ಯಾಣದವರಿಗೆ ಬೇರೆ ದಿನ ಇಟ್ಟುಕೊಂಡರೆ ಒಳ್ಳೆಯದು. ತಪಾಸಣೆಗೆಂದು ಹೊರಟ ಗಾಡಿಗಳನ್ನು ಶಿಲ್‌ಫಾಟಾ ದಾಟಿಸುವುದು ಬೇಡ.